ಭೂಮಿಗೆ ವಿದ್ಯುತ್ ಹರಿಸಿ ನೀರು ನೋಡುವುದು: ಯಡಿಯೂರಿನಿಂದ ಹಿಮದ ನಾಡಿನವರೆಗೆ

(ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಉರ್ದು ಮತ್ತು ಕನ್ನಡ ಕಲಿಸುವ ಮೇಷ್ಟ್ರು ವಿಜ್ಞಾನದ ಬಗ್ಗೆ ಏನು ಮಾತನಾಡಿಯಾರು ಎಂದು ನಿಮ್ಮಲ್ಲಿ ಕೆಲವರಿಗೆ ಅನ್ನಿಸಿರಬಹುದು. ಕಾರಣ ಇಷ್ಟೇ. ನಮ್ಮ ಯಡಿಯೂರು, ಕುಣಿಗಲ್ ಕಡೆ ಬೋರ್‌ವೆಲ್ ಕೊರೆಸುವ ಮುಂಚೆ ಯಾರೋ ಬಂದು ಸರ್ವೆ ಮಾಡಿ ಒಂದು ಕಾಗದ ಕೊಟ್ಟು ಹೋಗುತ್ತಾರೆ. ಕಾಗದ ಇಂಗ್ಲಿಷಿನಲ್ಲಿರುತ್ತದೆ. ಅದರಲ್ಲಿ ಒಂದು ಗ್ರಾಫು, ನಾಲ್ಕಾರು ಅಂಕಿ. "ಮೇಷ್ಟ್ರೇ, ಇದರಲ್ಲಿ ನೀರಿದೆ ಅಂತ ಬರೆದಿದ್ದಾರಾ ನೋಡಿ" ಎಂದು ಪೋಷಕರು ನನ್ನ ಬಳಿ ತರುತ್ತಾರೆ. ಎಲ್ಲಿಯೂ "ನೀರಿದೆ" ಎಂಬ ಪದ ಇರುವುದಿಲ್ಲ. ಹಾಗಾದರೆ ಆ ಅಂಕಿಗಳು ಏನು ಹೇಳುತ್ತವೆ ಎಂದು ಓದಿ, ಕೇಳಿ ತಿಳಿದುಕೊಂಡದ್ದನ್ನು ಇಂದು ನಿಮ್ಮ ಮುಂದೆ ಇಡುತ್ತಿದ್ದೇನೆ. ಭೂವಿಜ್ಞಾನ ಓದಿದವರು ಸಭೆಯಲ್ಲಿದ್ದರೆ ದಯವಿಟ್ಟು ಸಹಿಸಿಕೊಳ್ಳಬೇಕು.

ವಿಷಯ ಕೇವಲ ಜ್ಞಾನಕ್ಕೆ ಸಂಬಂಧಿಸಿದ್ದಲ್ಲ. ನನ್ನ ಚಾಚಾ ಒಬ್ಬರಿಗೆ ಎರಡೂವರೆ ಎಕರೆ ಜಮೀನು, ಅದರಲ್ಲಿ ತೆಂಗು ಮತ್ತು ಸ್ವಲ್ಪ ಅಡಿಕೆ. ಹಳೆಯ ತೆರೆದ ಬಾವಿ ಬತ್ತಿದ ಮೇಲೆ ಒಂದು ಬೋರ್ ಕೊರೆಸಿದರು. ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ನಡೆದವರು ಅದರ ಪಾಯಿಂಟ್ ತೋರಿಸಿದ್ದರು. ಧೂಳು ಬಂತು. ಎರಡನೆಯದಕ್ಕೆ ಬೇವಿನ ಕವಲು ಕಡ್ಡಿ ಹಿಡಿದವರು ಬಂದರು. ಅದರಲ್ಲಿ ಮುಕ್ಕಾಲು ಇಂಚು ನೀರು ಬಂದು ಎರಡು ಬೇಸಿಗೆಗೆ ನಿಂತಿತು. ಮೂರನೆಯದಕ್ಕೆ ಮಿಷಿನ್ ತಂದವರು ಬಂದು ಹದಿನೈದು ನಿಮಿಷದಲ್ಲಿ "ಸಾವಿರ ಅಡಿಗೆ ಮೂರು ಇಂಚು ಗ್ಯಾರಂಟಿ" ಎಂದು ಹೇಳಿ ಹಣ ತೆಗೆದುಕೊಂಡು ಹೋದರು. ಅದೂ ಒಣಗಿತ್ತು. ಚಾಚಿಯ ಒಡವೆ ಹೋಯಿತು, ಹಿರಿಯ ಮಗಳ ಡಿಗ್ರಿ ಓದು ಒಂದು ವರ್ಷ ನಿಂತಿತು. ಇಲ್ಲಿ ಕುಳಿತಿರುವ ಎಷ್ಟೋ ಮನೆಗಳಲ್ಲಿ ಇದೇ ಕಥೆ ಬೇರೆ ಬೇರೆ ಅಂಕಿಗಳಲ್ಲಿ ನಡೆದಿದೆ. ತೆಂಗಿನಕಾಯಿಯನ್ನು ನಂಬುವುದು ಮೂಢನಂಬಿಕೆ ಎಂದು ನಾವು ಸುಲಭವಾಗಿ ಹೇಳುತ್ತೇವೆ. ಆದರೆ ಮಿಷಿನ್ ಎಂದ ಮಾತ್ರಕ್ಕೆ ಕಣ್ಣು ಮುಚ್ಚಿ ನಂಬುವುದಕ್ಕೆ ಯಾವ ಹೆಸರಿಡೋಣ?

ಮೊದಲು ನಮ್ಮ ಕಾಲ ಕೆಳಗೆ ಏನಿದೆ ಎಂಬುದನ್ನು ನೋಡೋಣ. ಪಾತಾಳದಲ್ಲಿ ಗಂಗೆ ನದಿಯಂತೆ ಹರಿಯುತ್ತಾಳೆ, ಸರಿಯಾದ ಜಾಗದಲ್ಲಿ ತೂತು ಹಾಕಿದರೆ ಸಾಕು ಎಂಬ ಕಲ್ಪನೆ ನಮ್ಮ ಜನರಲ್ಲಿ ಬಲವಾಗಿದೆ. ತುಮಕೂರು ಜಿಲ್ಲೆಯಲ್ಲಿ ಅಂತಹ ನದಿ ಇಲ್ಲ. ಇಲ್ಲಿ ಹೆಚ್ಚಿನ ಭಾಗ ನೈಸ್ ಮತ್ತು ಗ್ರಾನೈಟ್ ಎಂಬ ಗಟ್ಟಿ ಕಲ್ಲು. ಗುಬ್ಬಿ, ಚಿಕ್ಕನಾಯಕನಹಳ್ಳಿ ಕಡೆ ಚಿತ್ರದುರ್ಗದ ಪದರಶಿಲೆಯ ಪಟ್ಟಿ ಹಾದುಹೋಗುತ್ತದೆ. ಬೆಂಗಳೂರಿನ ಲಾಲ್‌ಬಾಗ್ ಬಂಡೆಯನ್ನು ನೋಡಿದ್ದೀರಲ್ಲವೇ? ಅದೇ ಜಾತಿಯ ಕಲ್ಲು. ವಯಸ್ಸು ಸುಮಾರು 300 ಕೋಟಿ ವರ್ಷ. ಅಂತಹ ಇಡಿಯ ಬಂಡೆಯಲ್ಲಿ ಒಂದು ಲೋಟ ನೀರೂ ನಿಲ್ಲುವುದಿಲ್ಲ. ನೀರು ಇರುವುದು ಎರಡೇ ಕಡೆ. ಒಂದು, ಮೇಲೆ ಮಣ್ಣಿನ ಕೆಳಗೆ ಕಲ್ಲು ಕೊಳೆತು ಪುಡಿಯಾದ ಗರಸಿನ ಪದರ. ನಮ್ಮ ತಾತಂದಿರ ತೆರೆದ ಬಾವಿಗಳಿಗೆ ನೀರು ಬರುತ್ತಿದ್ದುದು ಇಲ್ಲಿಂದಲೇ. ಇನ್ನೊಂದು, ಅದರ ಕೆಳಗೆ ಬಂಡೆಯಲ್ಲಿರುವ ಬಿರುಕುಗಳು. ಬಿರುಕು ಸಿಕ್ಕಿದರೆ ನೀರು, ತಪ್ಪಿದರೆ ಧೂಳು. ಅದಕ್ಕೇ ಒಬ್ಬರ ತೋಟದಲ್ಲಿ ಎರಡು ಇಂಚು ಬಂದರೆ ಬೇಲಿಯ ಆಚೆ ಏನೂ ಬರುವುದಿಲ್ಲ. ಮಾರ್ಕೋನಹಳ್ಳಿ ಜಲಾಶಯ ಹತ್ತಿರವಿದ್ದರೂ ಮೇಲ್ಭಾಗದ ಹೊಲದ ಬೋರ್ ಒಣಗಿರುವುದಕ್ಕೂ ಇದೇ ಕಾರಣ.

ಇಂತಹ ನೆಲದಲ್ಲಿ ಗರಸು ಎಷ್ಟು ದಪ್ಪ ಇದೆ, ಬಂಡೆ ಎಲ್ಲಿ ಶುರುವಾಗುತ್ತದೆ, ಎಲ್ಲಿ ಒಡೆದಿದೆ ಎಂದು ಕೊರೆಯದೇ ತಿಳಿಯುವುದು ಹೇಗೆ? ಇಲ್ಲಿಗೆ ವಿದ್ಯುತ್ತು ಬರುತ್ತದೆ. ಟ್ರಾನ್ಸ್‌ಫಾರ್ಮರ್ ಪಕ್ಕದ ಅರ್ಥಿಂಗ್ ಗುಂಡಿಗೆ ಇದ್ದಿಲು, ಉಪ್ಪು ತುಂಬಿ ಬೇಸಿಗೆಯಲ್ಲಿ ನೀರು ಸುರಿಯುವುದನ್ನು ನೀವೆಲ್ಲ ನೋಡಿದ್ದೀರಿ. ಒಣ ಮಣ್ಣಿನಲ್ಲಿ ಕರೆಂಟು ಸರಿಯಾಗಿ ಇಳಿಯುವುದಿಲ್ಲ, ಒದ್ದೆ ಮಣ್ಣಿನಲ್ಲಿ ಇಳಿಯುತ್ತದೆ. ಇಡೀ ವಿದ್ಯೆಯ ಬುಡ ಇದೇ. ಕಲ್ಲಿನ ಕಣಗಳು ವಿದ್ಯುತ್ತನ್ನು ಹೆಚ್ಚುಕಡಿಮೆ ಬಿಡುವುದೇ ಇಲ್ಲ. ಕಣಗಳ ನಡುವಿನ ಸಂದಿಯಲ್ಲಿರುವ ನೀರು, ಆ ನೀರಿನಲ್ಲಿ ಕರಗಿರುವ ಲವಣದ ಅಯಾನುಗಳು ಅದನ್ನು ಹೊತ್ತು ಸಾಗಿಸುತ್ತವೆ.

ಹತ್ತನೇ ತರಗತಿಯ ಮಕ್ಕಳು ಓಮನ ನಿಯಮ ಓದಿದ್ದೀರಿ. ಜರ್ಮನಿಯ ಜಾರ್ಜ್ ಓಮ್ 1827ರಲ್ಲಿ ಅದನ್ನು ಪುಸ್ತಕವಾಗಿ ಪ್ರಕಟಿಸಿದವನು. ಆ ಸಂಶೋಧನೆ ಮಾಡಿದಾಗ ಆತ ಕಲೋನ್ ನಗರದ ಒಂದು ಶಾಲೆಯಲ್ಲಿ ಮೇಷ್ಟ್ರು! (ಇದನ್ನು ನನ್ನ ಸಹೋದ್ಯೋಗಿಗಳಿಗಾಗಿ ಹೇಳುತ್ತಿದ್ದೇನೆ.) ವೋಲ್ಟನ್ನು ಆಂಪೇರ್‌ನಿಂದ ಭಾಗಿಸಿದರೆ ರೋಧ ಸಿಗುತ್ತದೆ. ಇದನ್ನು ನೆಲಕ್ಕೆ ಅನ್ವಯಿಸುವ ಕೆಲಸವನ್ನು ಇಬ್ಬರು ಮುಖ್ಯವಾಗಿ ಮಾಡಿದರು. ಫ್ರಾನ್ಸಿನ ಕಾನ್ರಾಡ್ ಶ್ಲುಂಬರ್ಜೆ 1912ರಲ್ಲಿ ಪ್ರಯೋಗ ನಡೆಸಿದ. ಅಮೆರಿಕದ ಫ್ರಾಂಕ್ ವೆನ್ನರ್ 1915ರಲ್ಲಿ ಭೂಮಿಯ ರೋಧಶೀಲತೆ ಅಳೆಯುವ ವಿಧಾನ ಪ್ರಕಟಿಸಿದ. ನೂರು ವರ್ಷ ಕಳೆದರೂ ನಮ್ಮ ಜಿಲ್ಲೆಯ ಹೊಲಗಳಲ್ಲಿ ನಡೆಯುವ ಸರ್ವೆ ಈ ಇಬ್ಬರ ಹೆಸರಿನಲ್ಲೇ ಇದೆ.

ವಿಧಾನ ಹೀಗೆ. ಒಂದೇ ಸಾಲಿನಲ್ಲಿ ನಾಲ್ಕು ಕಬ್ಬಿಣದ ಗೂಟ ಹೊಡೆಯುತ್ತಾರೆ. ಹೊರಗಿನ ಎರಡಕ್ಕೆ ಬ್ಯಾಟರಿಯಿಂದ ವಿದ್ಯುತ್ ಕೊಡುತ್ತಾರೆ. ಒಳಗಿನ ಎರಡರ ನಡುವಿನ ವಿಭವಾಂತರ ಅಳೆಯುತ್ತಾರೆ. ಎರಡು ಗೂಟ ಸಾಲದೇ ಎಂದು ಕೇಳಬಹುದು. ಸಾಲದು, ಗೂಟಕ್ಕೂ ಒಣ ಮಣ್ಣಿಗೂ ನಡುವಿನ ಸಂಪರ್ಕದ ರೋಧವೇ ದೊಡ್ಡದಾಗಿ ಲೆಕ್ಕವನ್ನು ಕೆಡಿಸುತ್ತದೆ. ಕರೆಂಟು ಕೊಡುವ ಜೋಡಿಯೇ ಬೇರೆ, ಅಳೆಯುವ ಜೋಡಿಯೇ ಬೇರೆ ಇಟ್ಟರೆ ಆ ತೊಂದರೆ ತಪ್ಪುತ್ತದೆ. ವೆನ್ನರ್ ಪದ್ಧತಿಯಲ್ಲಿ ನಾಲ್ಕೂ ಗೂಟ ಸಮ ದೂರದಲ್ಲಿರುತ್ತವೆ. ಒಂದು ಲೆಕ್ಕ ಮಾಡೋಣ. ಗೂಟಗಳ ನಡುವೆ 10 ಮೀಟರ್, ಹರಿಸಿದ ವಿದ್ಯುತ್ 0.1 ಆಂಪೇರ್, ಸಿಕ್ಕಿದ ವಿಭವಾಂತರ 0.16 ವೋಲ್ಟ್. ರೋಧ 1.6 ಓಮ್. ಅದನ್ನು 2 × 3.14 × 10ರಿಂದ ಗುಣಿಸಿದರೆ ಸುಮಾರು 100 ಓಮ್-ಮೀಟರ್. ಇದೇ ಆ ಜಾಗದ ರೋಧಶೀಲತೆ. ಗೂಟಗಳನ್ನು ದೂರ ದೂರ ಸರಿಸುತ್ತಾ ಹೋದಂತೆ ವಿದ್ಯುತ್ತು ಹೆಚ್ಚು ಹೆಚ್ಚು ಆಳಕ್ಕೆ ಇಳಿದು ಬರುತ್ತದೆ, ಅಂಕಿ ಬದಲಾಗುತ್ತದೆ. ಆ ಬದಲಾವಣೆಯನ್ನು ಗ್ರಾಫಿನಲ್ಲಿ ಹಾಕಿ ಪದರಗಳನ್ನು ಅಂದಾಜು ಮಾಡುತ್ತಾರೆ. ಶ್ಲುಂಬರ್ಜೆ ಪದ್ಧತಿಯಲ್ಲಿ ಒಳಗಿನ ಗೂಟಗಳನ್ನು ಹತ್ತಿರವೇ ಇಟ್ಟು ಹೊರಗಿನವನ್ನು ಮಾತ್ರ ಸರಿಸುವುದು ಹೆಚ್ಚು. ಕೆಲಸ ಕಡಿಮೆಯಾದ್ದರಿಂದ ನಮ್ಮಲ್ಲಿ ಇದೇ ರೂಢಿ.

ನಮ್ಮಂತಹ ಗಟ್ಟಿ ಕಲ್ಲಿನ ಸೀಮೆಯಲ್ಲಿ ಒದ್ದೆ ಜೇಡಿ ಸುಮಾರು 20 ಓಮ್-ಮೀಟರ್‌ಗಿಂತ ಕಡಿಮೆ ತೋರಿಸುತ್ತದೆ. ನೀರಿರುವ ಗರಸು 20ರಿಂದ 100ರ ಆಸುಪಾಸು, ಒಡೆದ ಬಂಡೆ ಕೆಲವು ನೂರು, ಇಡಿಯ ಬಂಡೆ ಸಾವಿರದಿಂದ ಮೇಲೆ. ಇವು ಸ್ಥೂಲ ಅಂಕಿಗಳು, ಒಂದರ ಗಡಿ ಇನ್ನೊಂದರೊಳಗೆ ಸೇರಿರುತ್ತದೆ. ಜೇಡಿಯೂ ಕಡಿಮೆ ರೋಧ ತೋರಿಸುತ್ತದೆ, ಆದರೆ ಜೇಡಿ ನೀರನ್ನು ಹಿಡಿದುಕೊಳ್ಳುತ್ತದೆಯೇ ಹೊರತು ಬೋರಿಗೆ ಬಿಟ್ಟುಕೊಡುವುದಿಲ್ಲ. ಕಡಿಮೆ ಅಂಕಿ ಬಂತು ಎಂದು ಕುಣಿಯಬೇಡಿ ಎಂದು ಭೂವಿಜ್ಞಾನಿಗಳು ಹೇಳುವುದು ಇದಕ್ಕೇ.

ಈಗ ನಿಮ್ಮನ್ನು ಸ್ವಲ್ಪ ದೂರ ಕರೆದುಕೊಂಡು ಹೋಗುತ್ತೇನೆ. ಸೈಬೀರಿಯಾ, ಅಲಾಸ್ಕಾ, ಉತ್ತರ ಕೆನಡಾಗಳಲ್ಲಿ ಟುಂಡ್ರಾ ಎಂಬ ಮರವಿಲ್ಲದ ಬಯಲು ಇದೆ ಎಂದು ಭೂಗೋಳದಲ್ಲಿ ಓದಿದ್ದೀರಿ. ಅಲ್ಲಿ ಬೇಸಿಗೆಯಲ್ಲಿ ಮೇಲಿನ ಸ್ವಲ್ಪ ಮಣ್ಣು ಮಾತ್ರ ಕರಗುತ್ತದೆ, ಅದರ ಕೆಳಗಿನ ನೆಲ ವರ್ಷವಿಡೀ ಹೆಪ್ಪುಗಟ್ಟಿಯೇ ಇರುತ್ತದೆ. ಎರಡು ವರ್ಷಕ್ಕೆ ಕಡಿಮೆಯಿಲ್ಲದಂತೆ ಸತತವಾಗಿ ಸೊನ್ನೆ ಡಿಗ್ರಿ ಅಥವಾ ಅದಕ್ಕಿಂತ ಕೆಳಗೆ ಇರುವ ನೆಲಕ್ಕೆ ವಿಜ್ಞಾನಿಗಳು ಪರ್ಮಾಫ್ರಾಸ್ಟ್ ಎನ್ನುತ್ತಾರೆ. ಕೆಲವೆಡೆ ಅದು ನೂರಾರು ಮೀಟರ್ ದಪ್ಪ. ಆ ನೆಲದ ಮೇಲೆ ರಸ್ತೆ, ಮನೆ, ಎಣ್ಣೆಯ ಕೊಳವೆ ಎಲ್ಲ ನಿಂತಿವೆ. ಭೂಮಿ ಬಿಸಿಯಾದಂತೆ ಕೆಳಗಿನ ಮಂಜು ಕರಗಿ ನೆಲ ಕುಸಿಯುತ್ತದೆ. ಸಾಲದ್ದಕ್ಕೆ ಸಾವಿರಾರು ವರ್ಷ ಕೊಳೆಯದೇ ಉಳಿದ ಗಿಡಗಂಟಿಗಳ ಅವಶೇಷ ಈಗ ಕೊಳೆತು ಅನಿಲವಾಗುತ್ತದೆ. ವಾತಾವರಣದಲ್ಲಿರುವ ಇಂಗಾಲದ ಸುಮಾರು ಎರಡರಷ್ಟು ಈ ನೆಲದಲ್ಲಿ ಅಡಗಿದೆ ಎಂಬುದು ವಿಜ್ಞಾನಿಗಳ ಅಂದಾಜು. ಆದ್ದರಿಂದ ಮಂಜು ಎಲ್ಲಿದೆ, ಎಷ್ಟು ಆಳದವರೆಗೆ ಇದೆ, ಎಷ್ಟು ಕರಗಿತು ಎಂದು ಅವರಿಗೆ ತಿಳಿಯಬೇಕು. ಎಲ್ಲ ಕಡೆ ಕೊರೆದು ನೋಡುವುದು ಅವರಿಗೂ ಆಗದ ಮಾತು. ಅವರೂ ನಾಲ್ಕು ಗೂಟವನ್ನೇ ಹೊಡೆಯುತ್ತಾರೆ!

ಅವರು ಹುಡುಕುವುದೂ ನೀರನ್ನೇ, ಗಟ್ಟಿಯಾದ ನೀರನ್ನು. ನೀರು ಹೆಪ್ಪುಗಟ್ಟಿದಾಗ ಅದರೊಳಗಿನ ಅಯಾನುಗಳು ಓಡಾಡಲಾರವು. ಕಣಗಳ ಸುತ್ತ ಕೂದಲಿಗಿಂತ ತೆಳುವಾದ ದ್ರವದ ಪೊರೆ ಮಾತ್ರ ಉಳಿಯುತ್ತದೆ. ಹಾಗಾಗಿ ಅದೇ ಮಣ್ಣಿನ ರೋಧ ಹತ್ತಾರು ಪಟ್ಟು, ಕೆಲವೊಮ್ಮೆ ನೂರಾರು ಪಟ್ಟು ಏರುತ್ತದೆ. ಮಂಜು ತುಂಬಿದ ನೆಲ ಹತ್ತಾರು ಸಾವಿರ ಓಮ್-ಮೀಟರ್ ತೋರಿಸುವುದುಂಟು. ನಮ್ಮ ಕುಣಿಗಲ್ಲಿನಲ್ಲಿ 5000 ಎಂದರೆ "ಇಲ್ಲಿ ಇಡಿಯ ಬಂಡೆ, ನೀರಿಲ್ಲ, ಬಿಡಿ" ಎಂದರ್ಥ. ಸೈಬೀರಿಯಾದಲ್ಲಿ ಅದೇ 5000 ಎಂದರೆ "ಇಲ್ಲಿ ಬೇಕಾದಷ್ಟು ನೀರಿದೆ, ಆದರೆ ಮಂಜಾಗಿದೆ" ಎಂದರ್ಥವಾಗಬಹುದು. ಉಪಕರಣ ಕೊಡುವುದು ಅಂಕಿಯನ್ನು ಮಾತ್ರ. ಅರ್ಥ ಹೇಳಬೇಕಾದವನು ಆ ನೆಲವನ್ನು ಬಲ್ಲ ಮನುಷ್ಯ. ಭಾಷಾ ಶಿಕ್ಷಕನಾದ ನನಗೆ ಇದು ಬಹಳ ಹಿಡಿಸಿತು. ಒಂದೇ ಪದಕ್ಕೆ ಉರ್ದುವಿನಲ್ಲಿ ಒಂದು ಅರ್ಥ, ಕನ್ನಡದಲ್ಲಿ ಇನ್ನೊಂದು ಅರ್ಥ ಇರುವುದಿಲ್ಲವೇ, ಹಾಗೆ.

ಹೊಲದ ಕೆಲಸದಲ್ಲೂ ಸಾಮ್ಯವಿದೆ. ಏಪ್ರಿಲ್ ತಿಂಗಳಲ್ಲಿ ನಮ್ಮ ಒಣ ಮಣ್ಣಿನಲ್ಲಿ ಗೂಟದ ಬುಡಕ್ಕೆ ಉಪ್ಪು ನೀರು ಸುರಿಯುತ್ತಾರೆ, ಇಲ್ಲದಿದ್ದರೆ ವಿದ್ಯುತ್ತು ಇಳಿಯುವುದಿಲ್ಲ. ಹೆಪ್ಪುಗಟ್ಟಿದ ನೆಲದಲ್ಲೂ ಅದೇ ಕಷ್ಟ, ಉಪ್ಪು ನೀರಿನ ಅದೇ ಉಪಾಯ. ಸ್ವಿಟ್ಜರ್ಲೆಂಡಿನ ಶಿಲ್ಟ್‌ಹಾರ್ನ್ ಪರ್ವತದಲ್ಲಿ 1999ರಿಂದ ಗೂಟಗಳನ್ನು ಶಾಶ್ವತವಾಗಿ ನೆಟ್ಟು ಒಂದೇ ಜಾಗವನ್ನು ಮತ್ತೆ ಮತ್ತೆ ಅಳೆಯುತ್ತಾ ಬಂದಿದ್ದಾರೆ. 2003ರಲ್ಲಿ ಯುರೋಪಿನಲ್ಲಿ ಭೀಕರ ಬಿಸಿಲು ಬಿದ್ದ ಬೇಸಿಗೆ ನೆಲದೊಳಗೆ ಏನು ಮಾಡಿತು ಎಂಬುದು ಆ ಅಂಕಿಗಳಲ್ಲಿ ಕಾಣಿಸಿತು. ನಮ್ಮಲ್ಲಿ ಒಮ್ಮೆ ಅಳೆದು ಬೋರ್ ಕೊರೆಸಿದ ಮೇಲೆ ಆ ಕಾಗದವನ್ನು ಯಾರೂ ಇಟ್ಟುಕೊಳ್ಳುವುದಿಲ್ಲ. ನೀರು ಬಂದದ್ದೆಷ್ಟು, ಯಾವ ಅಡಿಗೆ, ಕೇಸಿಂಗ್ ಪೈಪ್ ಎಷ್ಟು ಇಳಿಯಿತು ಎಂದು ಊರಿನ ಎಲ್ಲ ಬೋರ್‌ಗಳ ಲೆಕ್ಕ ಒಂದು ನೋಟ್‌ಬುಕ್ಕಿನಲ್ಲಿ ಇದ್ದಿದ್ದರೆ, ಮುಂದೆ ಕೊರೆಸುವವನಿಗೆ ಅದಕ್ಕಿಂತ ದೊಡ್ಡ ಸಹಾಯ ಇರುತ್ತಿರಲಿಲ್ಲ.

ಅಂಟಾರ್ಕ್ಟಿಕಾ ಮತ್ತು ನಮ್ಮ ಜಿಲ್ಲೆ ಒಂದೇ ತಂತ್ರದಿಂದ ಸೇರಿಕೊಂಡ ಸಂಗತಿಯನ್ನೂ ಹೇಳಬೇಕು. ಡೆನ್ಮಾರ್ಕಿನವರು ಸ್ಕೈಟೆಮ್ ಎಂಬ ಸಾಧನ ಮಾಡಿದ್ದಾರೆ. ಹೆಲಿಕಾಪ್ಟರ್ ಕೆಳಗೆ ದೊಡ್ಡ ತಂತಿಯ ಚೌಕಟ್ಟು ನೇತಾಡುತ್ತಿರುತ್ತದೆ. ಅದರಲ್ಲಿ ವಿದ್ಯುತ್ತನ್ನು ಹರಿಸಿ ತಟ್ಟನೆ ನಿಲ್ಲಿಸಿದಾಗ ನೆಲದೊಳಗೆ ಪ್ರೇರಿತ ವಿದ್ಯುತ್ ಹುಟ್ಟುತ್ತದೆ. ಅದು ಕ್ಷೀಣಿಸುವ ರೀತಿಯಿಂದ ಕೆಳಗಿನ ರೋಧಶೀಲತೆ ತಿಳಿಯುತ್ತದೆ. ಗೂಟವೇ ಬೇಡ. 2011ರ ನವೆಂಬರ್‌ನಲ್ಲಿ ಇದನ್ನು ಅಂಟಾರ್ಕ್ಟಿಕಾದ ಟೇಲರ್ ಕಣಿವೆಯ ಮೇಲೆ ಹಾರಿಸಿದರು. ಹೆಪ್ಪುಗಟ್ಟಿದ ನೆಲದ ಮತ್ತು ಹಿಮನದಿಯ ಕೆಳಗೆ ಬಹಳ ಕಡಿಮೆ ರೋಧದ ಪದರ ಸಿಕ್ಕಿತು. ಅದು ಅತಿಯಾದ ಉಪ್ಪಿನಿಂದ ಹೆಪ್ಪುಗಟ್ಟದೇ ಉಳಿದ ನೀರು ಎಂದು 2015ರಲ್ಲಿ ಪ್ರಕಟಿಸಿದರು. ಅದೇ ದಶಕದ ಮೊದಲರ್ಧದಲ್ಲಿ ಕೇಂದ್ರೀಯ ಅಂತರ್ಜಲ ಮಂಡಳಿಯ ಯೋಜನೆಯಡಿ ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆ, ಡೆನ್ಮಾರ್ಕಿನ ಆರ್ಹಸ್ ವಿಶ್ವವಿದ್ಯಾಲಯದ ಜೊತೆ ಸೇರಿ, ಇದೇ ಸಾಧನವನ್ನು ದೇಶದ ಆರು ಪ್ರದೇಶಗಳ ಮೇಲೆ ಹಾರಿಸಿತು. ಆರರಲ್ಲಿ ಒಂದು ನಮ್ಮ ತುಮಕೂರು ಜಿಲ್ಲೆಯ ಅಂಕಸಂದ್ರ ಜಲಾನಯನ. ಮರಳುಗಾಡಿಗೆ ಜೈಸಲ್ಮೇರ್, ಗಂಗಾ ಬಯಲಿಗೆ ಬಿಹಾರ, ಗಟ್ಟಿ ಕಲ್ಲಿನ ಮಾದರಿಗೆ ನಾವು. ಇದನ್ನು ನಮ್ಮ ಮಕ್ಕಳಲ್ಲಿ ಎಷ್ಟು ಜನ ಬಲ್ಲರು?

ನೆಲದಡಿಯ ನೀರಿನ ವಿದ್ಯೆ ನಮಗೆ ಹೊಸತೂ ಅಲ್ಲ. ಇರಾನಿನ ಗಣಿತಜ್ಞ ಅಲ್-ಕರಜಿ ಸಾವಿರ ವರ್ಷದ ಹಿಂದೆ ಅಡಗಿದ ನೀರನ್ನು ಹೊರತೆಗೆಯುವ ಬಗ್ಗೆ ಅರಬಿಯಲ್ಲಿ ಪುಸ್ತಕವನ್ನೇ ಬರೆದಿದ್ದಾನೆ. ಬೀದರಿನಲ್ಲಿ ಬಹಮನಿ ಕಾಲದ ಕರೇಜ್ ಸುರಂಗಗಳು ಇಂದಿಗೂ ಇವೆ. ಹತ್ತಿರದ ಕಾಲಕ್ಕೆ ಬಂದರೆ, ಮೈಸೂರು ರಾಜ್ಯದ ಗಣಿ ಮತ್ತು ಭೂವಿಜ್ಞಾನ ಇಲಾಖೆಯ ನಿರ್ದೇಶಕರಾಗಿದ್ದ ಡಾ. ಬಿ. ಪಿ. ರಾಧಾಕೃಷ್ಣ ಅವರು ಗಟ್ಟಿ ಕಲ್ಲಿನಲ್ಲಿ ಅಂತರ್ಜಲ ಹುಡುಕುವ ಕೆಲಸಕ್ಕೆ ನಮ್ಮ ನಾಡಿನಲ್ಲಿ ಬುನಾದಿ ಹಾಕಿದವರಲ್ಲಿ ಪ್ರಮುಖರು.

ಈಗ ಚಾಚಾ ಅವರಿಗೆ ಸಿಕ್ಕಿದ "ಸಾವಿರ ಅಡಿ ಗ್ಯಾರಂಟಿ" ವಿಚಾರಕ್ಕೆ ಬರೋಣ. ಸರ್ವೆ ಎಷ್ಟು ಆಳ ನೋಡುತ್ತದೆ ಎಂಬುದು ಹೊರಗಿನ ಎರಡು ಗೂಟಗಳ ಅಂತರದ ಮೇಲೆ ನಿಂತಿದೆ. ಸ್ಥೂಲವಾಗಿ ಆ ಅಂತರದ ಐದನೇ ಒಂದು ಭಾಗದಿಂದ ಮೂರನೇ ಒಂದು ಭಾಗ ಎಂದಿಟ್ಟುಕೊಳ್ಳಿ. 100 ಮೀಟರ್ ತಂತಿ ಎಳೆದರೆ 20ರಿಂದ 33 ಮೀಟರ್, ಅಂದರೆ ಹೆಚ್ಚೆಂದರೆ 110 ಅಡಿ. ಸಾವಿರ ಅಡಿ ಎಂದರೆ ಸುಮಾರು 300 ಮೀಟರ್. ಅದನ್ನು ನೋಡಲು ಹೊರಗೂಟಗಳ ನಡುವೆ ಒಂದು ಕಿಲೋಮೀಟರ್ ಆಸುಪಾಸು ನೇರ ಜಾಗ ಬೇಕು. ಎರಡೂವರೆ ಎಕರೆಯ ತೋಟದಲ್ಲಿ ಅದು ಎಲ್ಲಿಂದ ಬರಬೇಕು? ಅಷ್ಟು ಜಾಗ ಸಿಕ್ಕಿದರೂ ಅಷ್ಟು ಆಳದಲ್ಲಿರುವ ಬೆರಳು ದಪ್ಪದ ಬಿರುಕು ಮೇಲಿನಿಂದ ಕಾಣುವುದಿಲ್ಲ. ಆಳ ಹೆಚ್ಚಿದಂತೆ ದೃಷ್ಟಿ ಮಂಜಾಗುತ್ತದೆ. ಎಷ್ಟು ಇಂಚು ನೀರು ಎಂಬುದನ್ನಂತೂ ರೋಧಶೀಲತೆ ಹೇಳುವುದೇ ಇಲ್ಲ. ಇಂಚಿನ ಲೆಕ್ಕ ಕೊಟ್ಟವರು ವಿಜ್ಞಾನವನ್ನು ಹೇಳಿದ್ದಲ್ಲ, ವ್ಯಾಪಾರವನ್ನು ಮಾಡಿದ್ದು. ಪಾವಗಡದ ಕಡೆ ಕಾಡುವ ಫ್ಲೋರೈಡ್ ಇದೆಯೋ ಇಲ್ಲವೋ ಎಂಬುದೂ ಇದರಿಂದ ತಿಳಿಯದು, ನೀರನ್ನೇ ಪರೀಕ್ಷಿಸಬೇಕು.

ಹಾಗಾದರೆ ಸರ್ವೆ ಮಾಡಿಸುವುದೇ ದಂಡವೇ? ಖಂಡಿತ ಅಲ್ಲ. ಗರಸು ಎಲ್ಲಿ ದಪ್ಪವಾಗಿದೆ, ಬಂಡೆಯ ಮೇಲ್ಭಾಗ ಎಲ್ಲಿ ಒಡೆದಿದೆ ಎಂಬುದನ್ನು ಅದು ಚೆನ್ನಾಗಿ ಹೇಳುತ್ತದೆ. ನಮ್ಮ ಕಡೆ ನೀರಿನ ಭರವಸೆ ಹೆಚ್ಚಿರುವುದು ಅಲ್ಲಿಯೇ. ಅದಕ್ಕಿಂತ ಮುಖ್ಯವಾಗಿ "ಈ ಜಮೀನಿನಲ್ಲಿ ಕೊರೆಯಬೇಡಿ" ಎಂದೂ ಅದು ಹೇಳಬಲ್ಲದು. ಆ ಒಂದು ಮಾತು ಲಕ್ಷಾಂತರ ರೂಪಾಯಿ ಉಳಿಸುತ್ತದೆ, ಆದರೆ ಅದನ್ನು ಕೇಳಲು ಯಾರೂ ಹಣ ಕೊಡಲು ಒಪ್ಪುವುದಿಲ್ಲ! ಸರ್ವೆಯವರು ಬಂದಾಗ ನೀವು ಪಕ್ಕದಲ್ಲಿ ನಿಂತು ನೋಡಿ. ತಂತಿ ಎಷ್ಟು ಉದ್ದ ಎಳೆದರು, ಗೂಟವನ್ನು ಎಷ್ಟು ಸಲ ಸರಿಸಿದರು, ಪ್ರತಿ ಸಲವೂ ಅಂಕಿ ಬರೆದರೇ? ಎರಡು ಮೂರು ಜಾಗ ಹೋಲಿಸಿದರೇ? ಹೈಟೆನ್ಷನ್ ಲೈನಿನ ಕೆಳಗೆ, ತಂತಿ ಬೇಲಿಯ ಪಕ್ಕ, ಹೂತ ಕಬ್ಬಿಣದ ಪೈಪಿನ ಮೇಲೆ ಅಳೆದರೆ ಅಂಕಿ ಕೆಡುತ್ತದೆ. ಸುತ್ತಲಿನ ಬೋರ್‌ಗಳ ಬಗ್ಗೆ ಕೇಳದೇ, ಕೆರೆ, ಹಳ್ಳ, ದಿಣ್ಣೆ ನೋಡದೇ ಪೆಟ್ಟಿಗೆಯನ್ನು ಮಾತ್ರ ನೋಡಿದವರನ್ನು ನಂಬಬೇಡಿ. ಅಂಕಿಯ ಪಟ್ಟಿ ಮತ್ತು ಗ್ರಾಫ್ ಕೇಳಿ ತೆಗೆದುಕೊಳ್ಳಿ. ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ಗಂಗಾ ಕಲ್ಯಾಣ ಯೋಜನೆಗೆ ಅರ್ಜಿ ಹಾಕುವ ಸಣ್ಣ ರೈತರು ನಮ್ಮ ಸಂಘದಲ್ಲಿ ಇದ್ದಾರೆ. ಸರ್ಕಾರದ ಹಣ ಎಂದು ಜಾಗದ ಆಯ್ಕೆಯಲ್ಲಿ ಉದಾಸೀನ ಮಾಡಬೇಡಿ, ಅದೇ ಅವಕಾಶ ಎರಡನೇ ಸಲ ಸಿಗುವುದು ಕಷ್ಟ.

ಮತ್ತೊಂದು ಮಾತು, ವಿಷಯಕ್ಕೆ ಸ್ವಲ್ಪ ಹೊರಗಿನದು. ಫೇಲಾದ ಬೋರಿನ ಕೇಸಿಂಗ್ ಕಿತ್ತು ಬಾಯಿ ತೆರೆದೇ ಬಿಡುವವರಿದ್ದಾರೆ. 2024ರ ಏಪ್ರಿಲ್‌ನಲ್ಲಿ ವಿಜಯಪುರ ಜಿಲ್ಲೆಯ ಲಚ್ಯಾಣದಲ್ಲಿ ಕೊಳವೆ ಬಾವಿಗೆ ಬಿದ್ದ ಎರಡು ವರ್ಷದ ಮಗುವನ್ನು ಸುಮಾರು 20 ಗಂಟೆ ಶ್ರಮಿಸಿ ಜೀವಂತ ಹೊರತೆಗೆದರು. ಎಲ್ಲ ಮಕ್ಕಳಿಗೂ ಆ ಭಾಗ್ಯ ಇರಲಿಲ್ಲ. ಮುಚ್ಚಳಕ್ಕೆ ಆಗುವ ಖರ್ಚು ಎಷ್ಟು ಎಂದು ನಾನು ಹೇಳಬೇಕಾಗಿಲ್ಲ.

ವಿದ್ಯಾರ್ಥಿಗಳೇ, ಇದನ್ನೆಲ್ಲ ನಂಬುವ ಮೊದಲು ಪರೀಕ್ಷಿಸಿ ನೋಡಿ. ಒಂದು ಪ್ಲಾಸ್ಟಿಕ್ ಊಟದ ಡಬ್ಬಿಗೆ ಮರಳು ತುಂಬಿ, ಚಿಟಿಕೆ ಉಪ್ಪು ಹಾಕಿದ ನೀರಿನಿಂದ ನೆನೆಸಿ. ಒಂದೇ ಸಾಲಿನಲ್ಲಿ ಎರಡೆರಡು ಸೆಂಟಿಮೀಟರ್ ಅಂತರದಲ್ಲಿ ನಾಲ್ಕು ಮೊಳೆ ನೆಡಿ. ಹೊರಗಿನ ಎರಡಕ್ಕೆ 9 ವೋಲ್ಟ್ ಬ್ಯಾಟರಿಯನ್ನು ಮಲ್ಟಿಮೀಟರ್ ಮೂಲಕ ಜೋಡಿಸಿ ವಿದ್ಯುತ್ ಅಳೆಯಿರಿ, ಇನ್ನೊಂದು ಮೀಟರಿನಲ್ಲಿ ಒಳಗಿನ ಎರಡರ ನಡುವಿನ ವೋಲ್ಟೇಜ್ ಅಳೆಯಿರಿ. ಬ್ಯಾಟರಿಯ ತುದಿಗಳನ್ನು ಅದಲು ಬದಲು ಮಾಡಿ ಮತ್ತೊಮ್ಮೆ ಅಳೆದು ಸರಾಸರಿ ತೆಗೆಯಿರಿ. ಹೊಲದಲ್ಲೂ ಹಾಗೆಯೇ ಮಾಡುತ್ತಾರೆ. ಮನೆಯ ಪ್ಲಗ್ಗಿನ ಕರೆಂಟನ್ನು ಮಾತ್ರ ಯಾವ ಕಾರಣಕ್ಕೂ ಮುಟ್ಟಬೇಡಿ. ಆಮೇಲೆ ಅಮ್ಮಿಯ ಅಪ್ಪಣೆ ಪಡೆದು ಡಬ್ಬಿಯನ್ನು ರಾತ್ರಿಯಿಡೀ ಫ್ರೀಜರಿನಲ್ಲಿಡಿ. ಬೆಳಿಗ್ಗೆ ತೆಗೆದು ಮೊದಲು ಒಮ್ಮೆ, ಅನಂತರ ಹತ್ತು ಹತ್ತು ನಿಮಿಷಕ್ಕೆ ಒಮ್ಮೆ, ಮರಳು ಪೂರ್ತಿ ಕರಗುವವರೆಗೆ ಅಳೆದು ಗ್ರಾಫ್ ಎಳೆಯಿರಿ. ಗ್ರಾಫ್ ತಂದವರು ಸೋಮವಾರ ಪ್ರಾರ್ಥನೆ ಮುಗಿದ ಮೇಲೆ ನನ್ನನ್ನು ಸ್ಟಾಫ್ ರೂಮಿನಲ್ಲಿ ಕಾಣಬಹುದು.